ಎಳದ್ರ ಹಿಡೀತದ, ಒತ್ತಿದ್ರ ಬಿಡ್ತದ

ನಮ್ಮ ಕಡೆ ಹೆಣ್ಣುಮಕ್ಕಳಿಗೆ ನೀರು ತುಂಬೋದು, ನೀರು ಕಾಸೋದು, ನೀರು ಉಳಸೋದು ಎಲ್ಲಾ ಸಣ್ಣವರಿದ್ದಾಗಿಂದ ಕಲಿಸ್ತಾರ. ನಳಾ ಬಂತು ಅಂದ್ರ ಕೈಯಾಗಿನ ಕೆಲಸ ಬಿಟ್ಟು ಓಡೋರು ನಾವು. ಆದ್ರ ಆ ನೀರು ತರೋ ಪೈಪನ್ನ ಹ್ಯಾಂಗ ಕೂಡಿಸ್ಯಾರ, ಅದನ್ನ ಹ್ಯಾಂಗ ಬಿಚ್ಚಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಿಕೊಡಂಗಿಲ್ಲ. ಅದು ಪ್ಲಂಬರನ ಕೆಲಸ ಅಂತ ಬಿಟ್ಟುಬಿಡ್ತೀವಿ. ಮೊದಲ ಅದು ಖರೇನೂ ಇತ್ತು. ಈಗ ಪೂರಾ ಖರೇ ಅಲ್ಲ.

ನಿಮ್ಮ ಅಡಗಿಮನ್ಯಾಗ ಕುಡಿಯೋ ನೀರಿನ ಆರ್‌ಒ ಮಷಿನ್ ಇದ್ರ ಅದರ ಹಿಂದ, ಇಲ್ಲಾ ಒಳಗ ಒಮ್ಮೆ ನೋಡ್ರಿ. ಬಳಪದಷ್ಟು ದಪ್ಪನ ಬಿಳೀ ಪೈಪು ಹೋಗಿ ಒಂದು ಸಣ್ಣ ಪ್ಲಾಸ್ಟಿಕ್ ಎಲ್ಬೋದೊಳಗ ಸಿಕ್ಕೊಂಡಿರ್ತದ. ಅಲ್ಲಿ ನಟ್ಟಿಲ್ಲ, ಗೋಂದಿಲ್ಲ, ತಿರುಪಿಲ್ಲ. ಎಷ್ಟು ಎಳದ್ರೂ ಬರಂಗಿಲ್ಲ. ಆದ್ರ ಅದನ್ನ ಬಿಚ್ಚಲಿಕ್ಕೆ ಎರಡು ಉಗುರು ಸಾಕು. ಇಷ್ಟು ಸರಳ ಆಗಲಿಕ್ಕೆ ಮನುಷ್ಯಾರಿಗೆ ಎರಡು ಸಾವಿರ ವರ್ಷ ಹಿಡೀತು. ಇವತ್ತು ಆ ಕಥಿ ಹೇಳ್ತೇನಿ, ಬಿಚ್ಚೋ ರೀತಿನೂ ಹೇಳ್ತೇನಿ.

ಮೊದಲ ಸೀಸದಿಂದ ಸುರು ಮಾಡೋಣು. ಹಳೇ ರೋಮಿನವರು ನೀರಿಗೆ ಸೀಸದ ಪೈಪು ಬಳಸ್ತಿದ್ರು. ಅವರ ಲ್ಯಾಟಿನ್ ಭಾಷಾದಾಗ ಸೀಸಕ್ಕ ಪ್ಲಂಬಮ್ ಅಂತಿದ್ರು. ನಮ್ಮ ಹುಡುಗ್ರು ಸಾಲ್ಯಾಗ ಸೀಸಕ್ಕ ಪಿ ಬಿ ಅಂತ ಗುರುತು ಬರೀತಾರಲ್ಲ, ಅದು ಅಲ್ಲಿಂದನ ಬಂದದ್ದು. ಪ್ಲಂಬರ್ ಅನ್ನೋ ಹೆಸರೂ ಅಲ್ಲಿಂದನ ಬಂತು. ಅಂದ್ರ ಪ್ಲಂಬರ್ ಅಂದ್ರ ಮೂಲದಾಗ ಸೀಸದ ಕೆಲಸದವ. ಯುರೋಪಿನ್ಯಾಗ, ಅಮೆರಿಕಾದಾಗ ಮೊನ್ನೆ ಮೊನ್ನೆ ತನಕ ಸೀಸದ ಪೈಪು ನಡದಾವ. ಎರಡು ಪೈಪಿನ ತುದಿ ಕೂಡಿಸಿ, ಸೀಸಾ ತವರಾ ಕೂಡಿಸಿದ ಬೆಸುಗಿ ಕಾಸಿ ಸುರುವಿ, ಅದು ಆರೋದರೊಳಗ ದಪ್ಪ ಅರಿಬಿಯಿಂದ ಸವರಿ ಸವರಿ ಗಡ್ಡಿ ಹಂಗ ದುಂಡಗ ಮಾಡ್ತಿದ್ರು. ಇದನ್ನ ಕಲೀಲಿಕ್ಕೆ ಹುಡುಗ್ರು ವರ್ಷಗಟ್ಟಲೆ ಗುರುವಿನ ಕೈಕೆಳಗ ದುಡೀಬೇಕಿತ್ತು. ಇನ್ನ ಬಿಚ್ಚೋದು ಅಂದ್ರ? ಹೊಳ್ಳಿ ಬೆಂಕಿ ಹಿಡೀಬೇಕು, ಇಲ್ಲಾ ಕತ್ತರಸಬೇಕು. ಮನ್ಯಾಗಿನ ಹೆಣ್ಣುಮಗಳು ಅದರ ಹತ್ರನೂ ಹೋಗೋ ಹಂಗಿರಲಿಲ್ಲ. ಮ್ಯಾಲೆ ಸೀಸ ಅಂದ್ರ ವಿಷ. ಸಣ್ಣ ಮಕ್ಕಳ ಮಿದುಳಿಗೆ ಅದರಿಂದ ಧಕ್ಕಿ ಆಗ್ತದ. ಹೊಸದಾಗಿ ಕೂಡಿಸೋ ಕುಡಿಯೋ ನೀರಿನ ಪೈಪಿಗೆ ಸೀಸ ಬ್ಯಾಡ ಅಂತ ಅಮೆರಿಕಾದಾಗ ಕಾಯ್ದೆ ಬಂದದ್ದು 1986ರಾಗ.

ಸೀಸದ ಆಮ್ಯಾಲೆ ಕಬ್ಬಿಣ. ಕಬ್ಬಿಣದ ಪೈಪಿನ ತುದೀಗೆ ಸುತ್ತು ಗೆರಿ ಕೊರದು, ಒಂದರೊಳಗ ಒಂದು ತಿರುವಿ ಕೂಡಿಸೋದು. ಇದನ್ನ ಥ್ರೆಡ್ ಅಂತೀವಿ. ಮೊದಲ ಒಂದೊಂದು ಕಾರ್ಖಾನಿ ತನಗ ತಿಳಿದಂಗ ಗೆರಿ ಕೊರೀತಿತ್ತು. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂಡತಿರಲಿಲ್ಲ. ಒಂದು ಡಬ್ಬಿ ಮುಚ್ಚಳಾ ಇನ್ನೊಂದು ಡಬ್ಬಿಗೆ ಆಗಂಗಿಲ್ಲಲ್ಲ, ಹಂಗ. 1841ರಾಗ ಇಂಗ್ಲಂಡಿನ ಜೋಸೆಫ್ ವಿಟ್‌ವರ್ತ್ ಅನ್ನೋವರು ಎಲ್ಲಾರೂ ಒಂದೇ ಅಳತಿ ಇಟ್ಕೊಳ್ರಿ ಅಂತ ಸೂಚಿಸಿದ್ರು. ಗೆರಿಯ ಕೋನ 55 ಡಿಗ್ರಿ ಇರಬೇಕು, ಒಂದು ಇಂಚಿನ್ಯಾಗ ಇಷ್ಟ ಸುತ್ತು ಇರಬೇಕು ಅಂತ. ಪೈಪಿನ ಥ್ರೆಡ್ಡಿಗೂ ಅದೇ ಅಳತಿ ಆಧಾರ ಆತು. ಇವತ್ತೂ ನೀವು ಅಂಗಡಿಗೆ ಹೋಗಿ ಅರ್ಧಾ ಇಂಚಿನ ನಳಾ ತಂದ್ರ ಅದರ ಗೆರಿ ಇಂಚಿಗೆ 14 ಸುತ್ತು ಇರ್ತದ. ಇಂಗ್ಲಂಡಿನ ಆ ಅಳತಿ ಇನ್ನೂ ನಮ್ಮ ಬಚ್ಚಲದಾಗ ಕೂತದ ನೋಡ್ರಿ.

ಬ್ರಿಟಿಷರ ಕಾಲದಾಗ ಈ ಕಬ್ಬಿಣದ ಪೈಪು ನಮ್ಮ ದೇಶಕ್ಕ ಬಂತು. ಹತ್ತೊಂಬತ್ತನೇ ಶತಮಾನದ ಕಡೀಕ ಹೆಸರಘಟ್ಟದ ಕೆರಿಯಿಂದ ಬೆಂಗಳೂರಿಗೆ ಪೈಪಿನ ನೀರು ಸುರು ಆತು. ಆಮ್ಯಾಲೆ ಊರೂರಿಗೆ ನಳಾ ಬಂದ್ವು. ಮೊದಲ ಓಣಿ ನಳಾ, ಆಮ್ಯಾಲೆ ಮನೀ ನಳಾ. ನಮ್ಮ ಹಿಂದಿನವರ ಮನ್ಯಾಗ ಇದ್ದದ್ದು ಸತುವಿನ ಲೇಪ ಇದ್ದ ಜಿಐ ಪೈಪು. ಪ್ಲಂಬರ್ ಬಂದು ಸಣಬಿನ ನಾರು ಸುತ್ತಿ, ಸಫೇದಾ ಹಚ್ಚಿ, ದೊಡ್ಡ ಪಾನಾ ಹಾಕಿ ಜೋತುಬಿದ್ದು ತಿರುವ್ತಿದ್ದದ್ದು ನಿಮಗೂ ನೆನಪಿರಬೇಕು. ಆಮ್ಯಾಲೆ ಸಣಬಿನ ಜಾಗಾಕ್ಕ ಬಿಳೀ ಟೆಫ್ಲಾನ್ ಟೇಪು ಬಂತು. ಆ ಟೆಫ್ಲಾನ್ ವಸ್ತು ಸಿಕ್ಕದ್ದು 1938ರಾಗ, ಅಮೆರಿಕಾದ ರಾಯ್ ಪ್ಲಂಕೆಟ್ ಅನ್ನೋವರಿಗೆ. ಅವರು ಹುಡುಕಲಿಕ್ಕೆ ಹೊಂಟದ್ದು ಫ್ರಿಜ್ಜಿಗೆ ಬೇಕಾದ ಗ್ಯಾಸು, ಸಿಕ್ಕದ್ದು ಜಾರೋ ಬಿಳೀ ಪುಡಿ.

ಥ್ರೆಡ್ಡಿನ ಪೈಪು ಬಿಚ್ಚಬಹುದು, ಖರೇ. ಆದ್ರ ಅದರಾಗ ಒಂದು ಪೇಚು ಅದ. ಪೈಪಿನ ಎರಡೂ ತುದೀಗೆ ಥ್ರೆಡ್ ಇರ್ತದಲ್ಲ, ಈ ಕಡೆ ಸಡಲ ಆಗಲಿ ಅಂತ ತಿರುವಿದ್ರ ಆ ಕಡೆ ಇನ್ನೂ ಬಿಗೀ ಆಗ್ತದ. ಅದಕ್ಕ ನಡುವ ಯೂನಿಯನ್ ಅಂತ ಒಂದು ಫಿಟ್ಟಿಂಗ್ ಹಾಕ್ತಾರ. ಯೂನಿಯನ್ ಹಾಕಲಿಲ್ಲಂದ್ರ ನಡುವಿನ ಒಂದು ಪೈಪು ಕೆಟ್ಟರ ತುದಿಯಿಂದ ಒಂದೊಂದ ಬಿಚ್ಕೋತ ಬರಬೇಕು. ಹತ್ತು ವರ್ಷ ಆದಮ್ಯಾಲೆ ತುಕ್ಕು ಹಿಡದ್ರ ಪಾನಾಕ್ಕೂ ಜಗ್ಗಂಗಿಲ್ಲ. ಬೆಂಕಿ ಹೋಗಿ ತೋಳಬಲ ಬಂತು ಅಷ್ಟ. ಬಿಚ್ಚೋ ಅಧಿಕಾರ ಪಾನಾ ಇದ್ದವರ ಕೈಯಾಗನ ಉಳೀತು.

ಆಮ್ಯಾಲೆ ಪ್ಲಾಸ್ಟಿಕ್ ಬಂತು. ಈಗಿನ ಮನಿಗಳಿಗೆಲ್ಲಾ ಪಿವಿಸಿ, ಬಿಸಿನೀರಿಗೆ ಸಿಪಿವಿಸಿ. ಹಗುರ ಅದ, ತುಕ್ಕಿಲ್ಲ, ತುಟ್ಟಿ ಇಲ್ಲ. ಆದ್ರ ಇದನ್ನ ಕೂಡಿಸೋ ಸಾಲ್ವೆಂಟ್ ಸಿಮೆಂಟ್ ಅದ ನೋಡ್ರಿ, ಅದು ನಮ್ಮ ಗೋಂದಿನಂಗಲ್ಲ. ಎರಡೂ ಪ್ಲಾಸ್ಟಿಕ್ಕಿನ ಮೈಯನ್ನ ತುಸು ಕರಗಿಸಿ ಒಂದು ಮಾಡಿಬಿಡ್ತದ. ಆರಿದಮ್ಯಾಲೆ ಅದು ಎರಡು ಪೈಪಲ್ಲ, ಒಂದ ಪೈಪು. ಬಿಚ್ಚಬೇಕಂದ್ರ ಗರಗಸ ಹಚ್ಚಿ ಕತ್ತರಸೋದ ಹಾದಿ. ಅದೂ ಗೋಡಿಯೊಳಗ ಹುಗದಿದ್ರ ಗೋಡಿನೂ ಒಡೀಬೇಕು.

ಇನ್ನ ನಮ್ಮ ಕಥಿಯ ತಿರುವು. ಕುಕ್ಕರಿನ ಗ್ಯಾಸ್ಕೆಟ್ ನಮಗೆಲ್ಲಾ ಗೊತ್ತು. ಅದು ಹರದ್ರ ಸೀಟಿ ಹೊಡಿಯಂಗಿಲ್ಲ, ಬ್ಯಾಳಿ ಬೇಯಂಗಿಲ್ಲ. ಅಂಥಾದ್ದೇ ಒಂದು ದುಂಡನ ರಬ್ಬರ್ ಉಂಗುರಕ್ಕ ಓ ರಿಂಗ್ ಅಂತಾರ. ಇದಕ್ಕ ಅಮೆರಿಕಾದಾಗ 1937ರಾಗ ಪೇಟೆಂಟಿಗೆ ಅರ್ಜಿ ಹಾಕಿದವರು ನೀಲ್ಸ್ ಕ್ರಿಸ್ಟೆನ್‌ಸನ್. ಹುಟ್ಟಿದ್ದು ಡೆನ್ಮಾರ್ಕಿನ್ಯಾಗ, 1865ರಾಗ. ಅರ್ಜಿ ಹಾಕಿದಾಗ ಅವರ ವಯಸ್ಸು 72. ಪೇಟೆಂಟ್ ಸಿಕ್ಕದ್ದು 1939ರಾಗ. ಉಂಗುರಕ್ಕಿಂತ ತುಸು ಅಗಲದ ಕಾಲುವಿ ಕೊರದು ಅದರೊಳಗ ರಬ್ಬರ್ ಕೂಡಿಸಿದ್ರ, ಒತ್ತಡ ಬಿದ್ದಷ್ಟೂ ಅದು ಸಂದಿಗೆ ಒತ್ತಿಕೊಂಡು ಕೂಡತದ. ಅಂದ್ರ ಸೋರಬೇಕು ಅಂತ ದಬ್ಬೋ ನೀರ ಸೋರಿಕೀನ ತಡೀತದ. ಎರಡನೇ ಮಹಾಯುದ್ಧದಾಗ ವಿಮಾನಗಳಿಗೆ ಬೇಕು ಅಂತ ಅಮೆರಿಕಾ ಸರಕಾರ ಆ ಪೇಟೆಂಟ್ ಕೊಂಡು ಕಂಪನಿಗಳಿಗೆಲ್ಲಾ ಬಿಟ್ಟುಕೊಟ್ಟಿತು. ಅವತ್ತಿಂದ ಓ ರಿಂಗ್ ಮನೀಮನಿಗೆ ಬಂತು.

ಸೋರಿಕಿಗೆ ಮದ್ದು ಸಿಕ್ಕಿತು. ಆದ್ರ ಪೈಪು ಕಳಚಿ ಬರದಂಗ ಹಿಡಿಯೋದು ಹ್ಯಾಂಗ? ಅದಕ್ಕ ಉತ್ತರ ಸಿಕ್ಕದ್ದು ಅಡಗಿಮನ್ಯಾಗಲ್ಲ, ಕಾರ್ಖಾನ್ಯಾಗ. ಅಲ್ಲಿ ಮಷಿನ್ನಿಗೆ ಗಾಳಿ ತುಂಬೋ ಸಣ್ಣ ಪ್ಲಾಸ್ಟಿಕ್ ನಳಿಕಿ ದಿನಾ ತಗದು ಹಾಕಬೇಕಿತ್ತು. ಪ್ರತಿ ಸಲ ಪಾನಾ ಹಿಡದ್ರ ಕೆಲಸ ನಿಲ್ತಿತ್ತು. ಲಂಡನ್ ಹತ್ರ ವೆಸ್ಟ್ ಡ್ರೇಟನ್ ಅನ್ನೋ ಊರಿನ ಜಾನ್ ಗೆಸ್ಟ್ ಕಂಪನಿ 1961ರಾಗ ಸುರು ಆದದ್ದು. 1970ರ ದಶಕದಾಗ ಅವರು ಒತ್ತಿ ಕೂಡಿಸೋ ಫಿಟ್ಟಿಂಗ್ ತಂದ್ರು. ಇವರೊಬ್ಬರ ಅಲ್ಲ, ಫ್ರಾನ್ಸಿನ ಲೆಗ್ರಿ ಕಂಪನಿನೂ ಸುಮಾರು ಅದೇ ಕಾಲದಾಗ ಇಂಥಾದ್ದು ಮಾಡ್ತಿತ್ತು. ಮೊದಲ ಗಾಳಿಗೆ, ಆಮ್ಯಾಲೆ ಹೋಟೆಲಿನ ಸೋಡಾ, ಬಿಯರ್ ಮಷಿನ್ನಿಗೆ, 1980ರ ದಶಕದ ಕಡೀಕ ಇಂಗ್ಲಂಡಿನ ಮನೀ ನೀರಿಗೆ ಬಂತು.

ಹಂಗಾರ ನಮ್ಮ ಮನೀಗೆ ಹ್ಯಾಂಗ ಬಂತು? ನೀರು ಕೆಟ್ಟದ್ದಕ್ಕ ಬಂತು. 1960ರ ಸುಮಾರಿಗೆ ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಸಿಡ್ನಿ ಲೋಬ್ ಮತ್ತ ನಮ್ಮ ದೇಶದಾಗ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಕೂಡಿ ಉಪ್ಪುನೀರನ್ನ ಸೋಸೋ ತೆಳು ಪದರಾ ಮಾಡಿದ್ರು. 1965ರಾಗ ಕೊಲಿಂಗಾ ಅನ್ನೋ ಸಣ್ಣ ಊರಿಗೆ ಆ ಪದರದಿಂದ ಸೋಸಿದ ನೀರು ಕೊಟ್ಟರು. ಅದೇ ಇವತ್ತಿನ ಆರ್‌ಒ. ನಮ್ಮ ಹುಬ್ಬಳ್ಳಿ ಧಾರವಾಡದ ಕಥಿ ನಿಮಗ ಗೊತ್ತದ. ಮಲಪ್ರಭಾ ನೀರು ಸವದತ್ತಿಯಿಂದ ಬರಬೇಕು, ಬಂದ್ರ ಬಂತು, ಇಲ್ಲಂದ್ರ ವಾರಗಟ್ಟಲೆ ಇಲ್ಲ. 2008ರಾಗ ಕೆಲವು ವಾರ್ಡಿಗೆ ದಿನದ 24 ತಾಸು ನೀರು ಕೊಟ್ಟು ನೋಡಿದ್ರು. ಉಳದವರು ಕಾದ್ರು. ಕಾದು ಸಾಕಾದವರು ಬೋರು ಹೊಡಸಿದ್ರು. ಬೋರಿನ ನೀರು ಸವಳು, ಬ್ಯಾಳಿ ಬೇಯಂಗಿಲ್ಲ, ಪಾತ್ರಿಗೆ ಬಿಳೀ ಹಕ್ಕಳಿ ಕಟ್ತದ. ಹಂಗಾಗಿ ಕಟ್ಟಿ ಮ್ಯಾಲೆ ಆರ್‌ಒ ಬಂತು, ಅದರ ಬೆನ್ನಿಗೆ ಈ ಫಿಟ್ಟಿಂಗೂ ಬಂತು. ಯಾರೂ ಕರೀಲಿಲ್ಲ, ಯಾರೂ ಪರಿಚಯ ಮಾಡಿಕೊಡಲಿಲ್ಲ.

ಈಗ ಅದರ ಹೊಟ್ಟ್ಯಾಗ ಏನದ ಹೇಳ್ತೇನಿ. ಸಣ್ಣವರಿದ್ದಾಗ ಹೊಲದಾಗ ಗೋಧಿ ತೆನಿ ಒಂದನ್ನ ಅಂಗಿ ತೋಳಿನೊಳಗ ಹಾಕ್ಕೊಂಡು ಆಡಿದ್ದು ನೆನಪದ ಏನು? ಕೈ ಅಲ್ಲಾಡಿಸಿದಷ್ಟೂ ತೆನಿ ಮ್ಯಾಲೆ ಮ್ಯಾಲೆ ಏರ್ತಿತ್ತು. ಕೆಳಗ ಎಳದ್ರ ಅದರ ಮುಳ್ಳು ಅರಿಬಿಗೆ ಕಚ್ತಿತ್ತು. ಯಾಕಂದ್ರ ಮುಳ್ಳೆಲ್ಲಾ ಒಂದೇ ದಿಕ್ಕಿಗೆ ವಾಲಿರ್ತಾವ. ಈ ಫಿಟ್ಟಿಂಗಿನೊಳಗೂ ಹಂಗ. ಬಾಯಿ ಹತ್ರ ಸಣ್ಣ ಬಳಿ ಹಂಗ ಒಂದು ಪ್ಲಾಸ್ಟಿಕ್ ಉಂಗುರ ಕಾಣ್ತದ. ಅದಕ್ಕ ಕಾಲೆಟ್ ಅಂತಾರ. ಅದರ ಒಳಗಿನ ತುದೀಗೆ ಸ್ಟೀಲಿನ ಸಣ್ಣ ಹಲ್ಲು, ಒಳಗಿನ ದಿಕ್ಕಿಗೆ ವಾಲಿರ್ತಾವ. ಪೈಪು ಒಳಗ ದಬ್ಬಿದ್ರ ಹಲ್ಲು ಸರದು ಹಾದಿ ಬಿಡ್ತಾವ. ಹೊರಗ ಎಳದ್ರ ಕಾಲೆಟ್ಟೂ ಪೈಪಿನ ಜೋಡಿ ಹೊರಗ ಬರಲಿಕ್ಕೆ ನೋಡ್ತದ, ಆದ್ರ ಫಿಟ್ಟಿಂಗಿನ ಬಾಯಿ ಇಳಿಜಾರು ಆಗಿ ಸಣ್ಣದಾಗಿರ್ತದ. ಆ ಇಳಿಜಾರಿಗೆ ತಾಗಿ ಹಲ್ಲು ಇನ್ನಷ್ಟು ಒಳಗ ಒತ್ತಿ ಪೈಪನ್ನ ಕಚ್ತಾವ. ಎಳದಷ್ಟೂ ಬಿಗಿ. ಕಾಲೆಟ್ಟಿನ ಹಿಂದ ಓ ರಿಂಗ್ ಕೂತಿರ್ತದ, ನೀರು ತಡಿಯೋದು ಅದರ ಪಾಲಿನ ಕೆಲಸ. ಹಿಡಿಯೋದು ಹಲ್ಲು, ಸೋರದಂಗ ಮಾಡೋದು ಉಂಗುರ.

ಅಂದಮ್ಯಾಲೆ ಬಿಚ್ಚೋದು ಹ್ಯಾಂಗ ಅಂತ ನಿಮಗ ಈಗ ಹೊಳದಿರಬೇಕು. ಆ ಬಳೀನ ಒಳಗ ಒತ್ತಿ ಹಿಡದ್ರ ಹಲ್ಲು ಇಳಿಜಾರಿನಿಂದ ಆಚೆ ಸರೀತಾವ, ಕಚ್ಚು ಬಿಡ್ತಾವ, ಪೈಪು ಬೆಣ್ಣ್ಯಾಗಿನ ಕೂದಲ ಹಂಗ ಬರ್ತದ. ಎಳಿಯೋದು ಆಮ್ಯಾಲೆ, ಒತ್ತೋದು ಮೊದಲ. ಬಿಚ್ಚಬೇಕು ಅಂದ್ರ ಎಲ್ಲಾರ ಕೈನೂ ಮೊದಲ ಎಳೀಲಿಕ್ಕೆ ಹೋಗ್ತದ. ಅದಕ್ಕ ಗೊತ್ತಿಲ್ಲದವರಿಗೆ ಇದು ಬಗ್ಗದ ಗಂಟಾಗಿ ಕಾಣ್ತದ.

ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ನಂಗ ಗೊತ್ತಾದದ್ದು ನಮ್ಮ ಓಣಿಯ ಕಾಕು ಮನ್ಯಾಗ. ಕಾಕುಗ ಎಂಬತ್ತರ ಹತ್ರ ವಯಸ್ಸು, ಮಕ್ಕಳು ದೂರ, ಒಬ್ಬರ ಇರ್ತಾರ. ಒಂದು ರಾತ್ರಿ ಅವರ ಆರ್‌ಒ ಮಷಿನ್ನಿನ ಕೆಳಗಿನ ಜಾಯಿಂಟು ಸೋರಲಿಕ್ಕೆ ಹತ್ತಿತು. ಸರ್ವಿಸಿನವರಿಗೆ ಫೋನ್ ಮಾಡಿದ್ರ ನಾಳೆ ಬರ್ತೀವಿ ಅಂದ್ರಂತ. ಕಾಕು ಇಡೀ ರಾತ್ರಿ ನಿದ್ದಿಗೆಟ್ಟು ಪಾತ್ರಿ ಇಟ್ಟು, ತುಂಬಿದ್ದನ್ನ ಚೆಲ್ಲಿ, ನೆಲಾ ಒರಸಿ, ಒದ್ದಿ ನೆಲದ ಮ್ಯಾಲೆ ಗ್ವಾಡಿ ಹಿಡಕೊಂಡು ಅಡ್ಡಾಡ್ಯಾರ. ಆ ವಯಸ್ಸಿನ್ಯಾಗ ಜಾರಿ ಬಿದ್ರ ಟೊಂಕ ಮುರೀತದ, ಹಾಸಿಗಿ ಹಿಡೀತಾರ. ಮರುದಿನ ಮಧ್ಯಾಹ್ನ ಹುಡುಗ ಬಂದ. ನಾನೂ ಅಲ್ಲೇ ಇದ್ದೆ. ನೀರು ಬಂದ್ ಮಾಡಿ, ಎರಡು ಉಗುರಿಲೆ ಬಳಿ ಒತ್ತಿ, ಪೈಪು ತಗದು, ತುದಿ ಕತ್ತರಿಸಿ ಹೊಳ್ಳಿ ದಬ್ಬಿದ. ಕಾಕು ಕನ್ನಡಕಾ ಹಾಕ್ಕೊಂಡು ನೋಡೋದರೊಳಗ ಕೆಲಸ ಮುಗದಿತ್ತು. ಬಂದುಹೋದದ್ದರ ರೊಕ್ಕಾ ತಗೊಂಡು ಹೋದ.

"ಇಷ್ಟ ಏನವಾ? ಇದನ್ನ ಮೊದಲ ಹೇಳಿದ್ರ ನಾನ ಮಾಡ್ಕೋತಿದ್ನೆಲ್ಲ" ಅಂದ್ರು ಕಾಕು. "ಕಾಕು, ಯಾರೂ ಹೇಳಂಗಿಲ್ಲ, ನಾವ ಕೇಳಬೇಕ್ರಿ" ಅಂದೆ. ಆ ಹುಡುಗನ ತಪ್ಪಿಲ್ಲ ಬಿಡ್ರಿ, ಅವನ ಹೊಟ್ಟಿಪಾಡು. ಆದ್ರ ಬಿಚ್ಚಲಿಕ್ಕೆ ಬೆಂಕಿ ಬೇಕಾಗಿತ್ತು, ಆಮ್ಯಾಲೆ ಪಾನಾ ಬೇಕಾಗಿತ್ತು, ಆಮ್ಯಾಲೆ ಗರಗಸ ಬೇಕಾಗಿತ್ತು. ಈಗ ಉಗುರ ಸಾಕು ಅಂದಾಗನೂ ನಾವು ಹಳೇ ಕಾಲದವರ ಹಂಗ ಕಾಯ್ಕೋತ ಕುಂದ್ರೋದು ಯಾಕ?

ಬರ್ರಿ, ಈಗ ಒಂದೊಂದ ಹೆಜ್ಜಿ ಹೇಳ್ತೇನಿ. ಮೊದಲ ಮಷಿನ್ನಿನ ಸ್ವಿಚ್ ಆರಿಸಿ ಪ್ಲಗ್ಗು ತಗೀರಿ. ಒದ್ದಿ ಕೈಲೆ ಪ್ಲಗ್ಗು ಮುಟ್ಟಬ್ಯಾಡ್ರಿ, ನೆಲಾ ಒದ್ದಿ ಇದ್ರ ಮನೀ ಮೇನ್ ಸ್ವಿಚ್ಚ ಆರಿಸ್ರಿ. ಆಮ್ಯಾಲೆ ಮಷಿನ್ನಿಗೆ ನೀರು ಬರೋ ಸಣ್ಣ ವಾಲ್ವ್ ತಿರುವಿ ಬಂದ್ ಮಾಡ್ರಿ. ಬರೇ ಇವೆರಡು ಮಾಡಿದ್ರೂ ರಾತ್ರಿ ಪೂರಾ ಪಾತ್ರಿ ಇಡೋದು ತಪ್ಪತದ. ಮಷಿನ್ನಿನ ನಳಾ ತಗದು ಒಳಗಿನ ನೀರು ಹರೀಲಿಕ್ಕೆ ಬಿಡ್ರಿ. ಯಾಕಂದ್ರ ಒಳಗ ಒತ್ತಡ ಇದ್ರ ನೀರ ಪೈಪನ್ನ ಹೊರಗ ದಬ್ಬತದ, ಹಲ್ಲು ಕಚ್ಚಿ ಕುಂದರ್ತಾವ, ನೀವು ಎಷ್ಟು ಒತ್ತಿದ್ರೂ ಬಿಡಂಗಿಲ್ಲ. ಕೆಳಗ ಒಂದು ಪಾತ್ರಿ, ಒಂದು ಅರಿಬಿ ಇಟ್ಕೋರಿ. ಒಂದಕ್ಕಿಂತ ಹೆಚ್ಚು ಪೈಪು ತಗಿಯೋದಿದ್ರ ಮೊದಲ ಮೊಬೈಲಿನ್ಯಾಗ ಒಂದು ಫೋಟೋ ತಗೀರಿ, ಯಾವುದು ಎಲ್ಲಿತ್ತು ಅಂತ ಆಮ್ಯಾಲೆ ತಲಿ ಕೆಡಂಗಿಲ್ಲ.

ಈಗ ಬಳೀ ಹತ್ರ ನೋಡ್ರಿ. ಬಳೀಗೂ ಫಿಟ್ಟಿಂಗಿಗೂ ನಡುವ ಕುದುರಿ ಲಾಳದಂಥಾ ಸಣ್ಣ ಕ್ಲಿಪ್ಪು ಇರಬಹುದು, ನೀಲಿ ಇಲ್ಲಾ ಕೆಂಪು ಬಣ್ಣದ್ದು. ಅದು ಬಳಿ ಒಳಗ ಹೋಗದಂಗ ತಡಿಯೋ ಚಿಲಕ. ಅದನ್ನ ಅಡ್ಡ ಎಳದು ತಗದು ಕಳೀದಂಗ ಒಂದು ವಾಟಿಗಿನ್ಯಾಗ ಹಾಕಿ ಇಡ್ರಿ. ಆಮ್ಯಾಲೆ ಪೈಪನ್ನ ಮೊದಲ ತುಸು ಒಳಗ ದಬ್ಬರಿ, ಹಲ್ಲು ಸಡಲ ಆಗ್ತಾವ. ಎರಡೂ ಕಡೆ ಉಗುರು ಇಟ್ಟು ಬಳೀನ ಸಮ ಸಮ ಒಳಗ ಒತ್ತಿ ಹಿಡೀರಿ. ಒಂದ ಕಡೆ ಒತ್ತಿದ್ರ ಇನ್ನೊಂದು ಕಡೀ ಹಲ್ಲು ಕಚ್ಚಿರ್ತಾವ, ಹೆಚ್ಚಿನವರಿಗೆ ಬರದಿರೋದು ಇಲ್ಲೇ. ಉಗುರು ಸೋತ್ರ ಪೈಪಿನ ಸುತ್ತ ಕೂಡೋ ಸಣ್ಣ ಬಾಯಿಪಾನಾ ಇಟ್ಟು ಒತ್ತರಿ. ಒತ್ತಿ ಹಿಡದ ಹಂಗ ಇನ್ನೊಂದು ಕೈಲೆ ಪೈಪನ್ನ ಸೀದಾ ಎಳೀರಿ. ಪಕ್ಕಡದಿಂದ ಪೈಪು ಹಿಡದು ತಿರುವಬ್ಯಾಡ್ರಿ. ಪೈಪಿನ ಮೈಗೆ ಗೀರು ಬಿದ್ರ ಓ ರಿಂಗ್ ಎಷ್ಟ ಛಲೋ ಇದ್ರೂ ಆ ಗೀರಿನಗುಂಟ ನೀರು ಬರ್ತದ.

ಹೊಳ್ಳಿ ಕೂಡಿಸೋ ಮೊದಲ ಪೈಪಿನ ತುದಿ ನೋಡ್ರಿ. ಹಲ್ಲು ಕಚ್ಚಿದ ಗುರುತು ಇರ್ತದ. ಪೈಪು ಉದ್ದ ಸಾಲಿದ್ರ ಆ ಗುರುತಿನ ತುಂಡು ಕತ್ತರಿಸಿ ತಗೀರಿ. ಕತ್ತರಿಯಿಂದ ಜಜ್ಜಿ ಅಲ್ಲ, ಹರಿತ ಚಾಕುವಿನಿಂದ, ಗೆಣಸು ಕೊಯ್ದಂಗ ನೆಟ್ಟಗ. ಓರೆ ಆದ್ರ ತುದಿ ಓ ರಿಂಗಿಗೆ ಸರಿಯಾಗಿ ಮುಟ್ಟಂಗಿಲ್ಲ. ಆಮ್ಯಾಲೆ ಪೈಪನ್ನ ಗಟ್ಟಿಯಾಗಿ ದಬ್ಬರಿ. ಮೊದಲ ಹಲ್ಲಿಗೆ ತಾಗಿ ನಿಂತಂಗ ಅನಸ್ತದ, ಅಲ್ಲೇ ಬಿಡಬ್ಯಾಡ್ರಿ. ಇನ್ನೂ ದಬ್ಬಿದ್ರ ಓ ರಿಂಗ್ ದಾಟಿ ತಳಕ್ಕ ಹೋಗಿ ಕುಂದರ್ತದ. ಈಗ ಒಮ್ಮೆ ಎಳದು ನೋಡ್ರಿ. ಬರಲಿಲ್ಲಂದ್ರ ಕೂತದ. ಕ್ಲಿಪ್ಪು ಹಾಕ್ರಿ, ವಾಲ್ವ್ ನಿಧಾನ ತಗೀರಿ, ಒಣ ಅರಿಬಿಯಿಂದ ಒರಸಿ ಐದು ನಿಮಿಷ ನೋಡ್ರಿ. ಜಾಯಿಂಟ್ ಪೂರಾ ಒಣಗೇ ಉಳೀತಂದ್ರ ಆಮ್ಯಾಲೆ ಪ್ಲಗ್ಗು ಹಾಕ್ರಿ.

ಅಂಗಡಿಗೆ ಹೋದಾಗ ಒಂದು ಮಾತು ನೆನಪಿಡ್ರಿ. ಹಳೇ ಕಬ್ಬಿಣದ ಪೈಪಿಗೆ ಅರ್ಧಾ ಇಂಚು ಅಂತ ಹೆಸರು ಬಂದದ್ದು ಒಳಗಿನ ತೂತಿನ ಅಳತಿಯಿಂದ. ಅದರ ಹೊರಮೈ ಸುಮಾರು 21 ಮಿಲಿಮೀಟರ್ ಇರ್ತದ. ಆರ್‌ಒದ ಕಾಲು ಇಂಚಿನ ಪೈಪಿಗೆ ಅಳತಿ ಹೊರಮೈದು, 6.35 ಮಿಲಿಮೀಟರ್. ಹಲ್ಲು, ಉಂಗುರ ಎರಡೂ ಹೊರಮೈ ಹಿಡಿಯೋವು, ಅದಕ್ಕ. 6 ಮಿಲಿಮೀಟರಿನ ಪೈಪು ತಂದು ಕಾಲು ಇಂಚಿಂದರಾಗ ಹಾಕಿದ್ರ ಕೂತಂಗ ಕಾಣ್ತದ, ಆದ್ರ ಸೋರ್ತದ. ಹಳೇ ತುಂಡು ಒಂದು ಕೈಯಾಗ ಒಯ್ಯೋದು ಛಲೋ. ನಿಮ್ಮ ಮಷಿನ್ನಿನ್ಯಾಗ ಬಳಿ ಇಲ್ಲ, ಪ್ಲಾಸ್ಟಿಕ್ ನಟ್ಟು ಅದ ಅಂದ್ರ ಅದು ಹಳೇ ತರದ್ದು. ಅದನ್ನ ತಿರುವಿನ ಬಿಚ್ಚಬೇಕು.

ಅಮೆರಿಕಾದಾಗ ಇರೋ ನಮ್ಮ ತಂಗೇರು, ಸೊಸೆಂದಿರು ಇದನ್ನ ಓದ್ತಿದ್ರ ಅವರಿಗೂ ಒಂದು ಮಾತು. ಅಲ್ಲಿ ಮನೀ ದೊಡ್ಡ ಪೈಪಿಗೇ ಶಾರ್ಕ್‌ಬೈಟ್ ಅಂತ ಹಿತ್ತಾಳಿ ಫಿಟ್ಟಿಂಗ್ ಸಿಗ್ತದ. ತಾಮ್ರದ ಪೈಪು, ಪೆಕ್ಸ್, ಸಿಪಿವಿಸಿ ಮೂರಕ್ಕೂ ಆಗ್ತದ. ಹೆಸರ ಹೇಳ್ತದಲ್ಲ, ಶಾರ್ಕ್ ಮೀನಿನ ಕಚ್ಚು. ಇದರ ಹಿಂದಿರೋದು ಆಸ್ಟ್ರೇಲಿಯಾದ ರಿಲಯನ್ಸ್ ವರ್ಲ್ಡ್‌ವೈಡ್ ಅನ್ನೋ ಕಂಪನಿ. 2018ರಾಗ ಅವರು ಇಂಗ್ಲಂಡಿನ ಜಾನ್ ಗೆಸ್ಟ್ ಕಂಪನಿನ್ನೂ ಕೊಂಡ್ರು. ಇದರ ಬಳಿ ಉಗುರಿಗೆ ಜಗ್ಗಂಗಿಲ್ಲ. ಪೈಪಿನ ಅಳತಿಗೆ ತಕ್ಕ ಲಾಳದಂಥಾ ಒಂದು ಕ್ಲಿಪ್ಪು ಸಿಗ್ತದ, ಅದನ್ನ ಪೈಪಿಗೆ ಸಿಗಸಿ ಫಿಟ್ಟಿಂಗಿನ ಕಡೆ ಒತ್ತಿ, ಪೈಪನ್ನ ತುಸು ಹೊಳ್ಳಿಸಿ ಹೊಳ್ಳಿಸಿ ಎಳೀಬೇಕು. ತತ್ವ ಅದೇ. ಆದ್ರ ಅಲ್ಲಿ ಮನೀ ಮೇನ್ ವಾಲ್ವ್ ಬಂದ್ ಮಾಡಿ, ಕೆಳಗಿನ ನಳಾ ತಗದು ನೀರು ಖಾಲಿ ಮಾಡಿದಮ್ಯಾಲೇನ ಕೈ ಹಾಕ್ರಿ.

ಎಲ್ಲಾ ಕೆಲಸಾನೂ ನಾವ ಮಾಡೋಣು ಅಂತ ನಾ ಹೇಳಂಗಿಲ್ಲ. ಗೋಡಿಯೊಳಗಿನ ಸಿಪಿವಿಸಿ, ಗೀಸರಿನ ಲೈನು, ಮ್ಯಾಲಿನ ಟಾಕಿಯ ಪೈಪು, ಇವಕ್ಕ ಗೊತ್ತಿದ್ದವರನ್ನ ಕರೀರಿ. ಫಿಟ್ಟಿಂಗ್ ಸೀಳಿದ್ರ ಒತ್ತಿ ಉಪಯೋಗಿಲ್ಲ, ಬದಲಿಸಬೇಕು. ಬಳಿ ಒತ್ತೋದು ಮಾತ್ರ ಒಮ್ಮೆ ಕಲತ್ಕೋರಿ. ಅಂಗಡಿಯಿಂದ ಒಂದು ಎಲ್ಬೋ, ಒಂದು ಗೇಣು ಪೈಪು ತಂದು ಟೇಬಲ್ ಮ್ಯಾಲೆ ಕೂತು ನಾಕು ಸಲ ಹಾಕಿ ನಾಕು ಸಲ ತಗೀರಿ. ಹುಡುಗೇರಿಗೂ ಕೊಡ್ರಿ, ಅವರಿಗೆ ಆಟ ಆಗ್ತದ.

ಮತ್ತ ನಿಮ್ಮ ಓಣ್ಯಾಗ ಒಬ್ಬರ ಇರೋ ಹಿರೇರು ಇದ್ರ ಈ ವಾರ ಅವರ ಮನೀಗೆ ಹೋಗಿ ಬರ್ರಿ. ಚಹಾ ಕುಡದು ಸುಮ್ಮನ ಬರಬ್ಯಾಡ್ರಿ. ಮಷಿನ್ನಿನ ನೀರು ಬಂದ್ ಮಾಡೋ ವಾಲ್ವ್ ಎಲ್ಲಿ ಅದ ಅಂತ ಹುಡುಕಿ ತೋರಿಸ್ರಿ, ಅವರ ಕೈಲೇ ಒಮ್ಮೆ ತಿರುವಿಸ್ರಿ. ಅದು ಅವರಿಗೆ ಬಿಗೀ ಅನಸಿದ್ರ ಸಡಲ ಮಾಡಿಸಿಕೊಟ್ಟು ಬರ್ರಿ.